ಬಾಗಿಲಲ್ಲಿ ಕುಳಿತ ಹುಡುಗ

ಹಾನಗಲ್ಲಿನ ಹುಡುಗನನ್ನು ಹಿರೇಕೆರೂರಿಗೆ, ಹಿರೇಕೆರೂರಿನವನನ್ನು ಸವಣೂರಿಗೆ, ಸವಣೂರಿನವನನ್ನು ಶಿಗ್ಗಾಂವಿಗೆ ಹಾಕುತ್ತಾರೆ. ಮೈಕ್ರೋ ಫೈನಾನ್ಸ್ ಕಂಪೆನಿಗಳಲ್ಲಿ ಇದು ರೂಢಿ. ಸ್ವಂತ ಊರಿನಲ್ಲಿ ಸಾಮಾನ್ಯವಾಗಿ ವಸೂಲಿಗೆ ಬಿಡುವುದಿಲ್ಲ. ಪರಿಚಯದ ಮುಖದೆದುರು ಧ್ವನಿ ಏರುವುದಿಲ್ಲ ಎಂಬುದು ಅವರಿಗೆ ಗೊತ್ತು.

ಕೆಲಸ ಸಿಕ್ಕಾಗ ನಾವೆಲ್ಲ ಸಂತೋಷಪಟ್ಟೆವು. ಬೈಕು, ಕೊರಳಲ್ಲಿ ಗುರುತಿನ ಚೀಟಿ, ತಿಂಗಳಿಗೊಮ್ಮೆ ಸಂಬಳ. ಬಡ್ಡಿಯ ದುಡಿಮೆ ಹರಾಮ್ ಎಂದವರೂ ಇದ್ದರು. ಅವರ ಮಾತು ಸರಿಯೇ, ಆದರೆ ಬೇರೆ ಕೆಲಸವನ್ನು ಅವರೂ ತೋರಿಸಲಿಲ್ಲ. ಆಮೇಲೆ ನಾವು ಆ ಹುಡುಗನನ್ನು ಕೇಳಿದ್ದು ಒಂದೇ ಪ್ರಶ್ನೆ: ಜುಮಾ ನಮಾಝಿಗೆ ಬಿಡುತ್ತಾರಾ? ದಿನವಿಡೀ ಏನು ಮಾಡುತ್ತೀ ಎಂದು ಕೇಳಲಿಲ್ಲ.

ಸಾಲ ಪಡೆದ ಹೆಂಗಸರು ಒಬ್ಬರಿಗೊಬ್ಬರು ಜಾಮೀನು. ಒಬ್ಬಳ ಕಂತು ತಪ್ಪಿದರೆ ಉಳಿದವರು ತುಂಬಬೇಕು. ಆದ್ದರಿಂದ ಇವನು ಬಯ್ಯಬೇಕಾಗಿಲ್ಲ, ನೆರೆಯವರೇ ಬಯ್ಯುತ್ತಾರೆ. "ತಮ್ಮಾ, ಮುಂದಿನ ವಾರ ಕೊಡ್ತೀನಪಾ" ಎಂದವಳ ಕಟ್ಟೆಯ ಮೇಲೆ ಇವನು ಏಳದೆ ಕುಳಿತರೆ ಸಾಕು, ಓಣಿಯೆಲ್ಲ ನೋಡುತ್ತದೆ. ಸಂಜೆ ಶಾಖೆಯಲ್ಲಿ ಅದೇ ಪಾಠ ಇವನಿಗೆ. ಬಾಕಿಯ ಲೆಕ್ಕವನ್ನು ಎಲ್ಲರೆದುರು ಓದಿ ಹೇಳುತ್ತಾರೆ. ಹಣ ಬರದೆ ತಿರುಗಿ ಬರಬೇಡ ಎನ್ನುತ್ತಾರೆ. ಅವಮಾನವನ್ನೇ ಸಲಕರಣೆ ಮಾಡಿಕೊಂಡವರು ಅದನ್ನು ಮೊದಲು ತಮ್ಮ ನೌಕರನ ಮೇಲೆಯೇ ಪ್ರಯೋಗಿಸುತ್ತಾರೆ.

ನಿಯಮಗಳಿಲ್ಲವೆಂದಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರಿಗೆ ಕರೆ ಮಾಡಿ ಕಾಡಬಾರದು, ನೌಕರನ ದುರ್ವರ್ತನೆಗೆ ಕಂಪೆನಿಯೇ ಹೊಣೆ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಆದರೂ 2025ರ ಜನವರಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಮಹಿಳೆಯರು ತಮ್ಮ ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳುಹಿಸಬೇಕಾಯಿತು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಸಾಲಗಾರರನ್ನು ಪೀಡಿಸಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಅದು ಬೇಕಾಗಿತ್ತು. ಆದರೆ ಬಾಗಿಲಲ್ಲಿ ಕೈಗೆ ಸಿಗುವವನು ಟಾರ್ಗೆಟ್ ಬರೆದವನಲ್ಲ.

ಹಾಗಾದರೆ ಇವನು ನಿರಪರಾಧಿಯೇ? ಹಾಗೆನ್ನಲು ನಮಗೆ ಮನಸ್ಸು ಬರುವುದಿಲ್ಲ. ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಸಮಯ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬುದು ಕುರ್‌ಆನಿನ ಬೋಧನೆ. ಸೃಷ್ಟಿಕರ್ತನಿಗೆ ಅವಿಧೇಯನಾಗಿ ಮನುಷ್ಯನಿಗೆ ವಿಧೇಯನಾಗಲಾಗದು ಎಂದು ಪ್ರವಾದಿ(ಸ) ಕಲಿಸಿದ್ದಾರೆ. "ಮ್ಯಾನೇಜರ್ ಹೇಳಿದರು" ಎಂಬುದು ಆ ದಿನದ ಉತ್ತರವಾಗದು. ಆದರೆ ಮನೆಯಲ್ಲಿ ತಂಗಿಯ ಮದುವೆ ಇರುವವನಿಗೆ ರಾಜೀನಾಮೆ ಕೊಡು ಎಂದು ಹೇಳುವುದು ನಮಗೆ ಬಹಳ ಸುಲಭ. ಅವನ ಕೈಯಲ್ಲಿರುವುದು ಸಣ್ಣ ಜಾಗ. ಎಷ್ಟು ಹೊತ್ತು ಕೂರಬೇಕು, ವಯಸ್ಸಿಗೆ ಬಂದ ಮಗಳ ಹೆಸರನ್ನು ಎತ್ತಬೇಕೋ ಬೇಡವೋ, ಮನೆಯಲ್ಲಿ ಸಾವಾಗಿದೆ ಎಂದು ಶಾಖೆಗೆ ತಿಳಿಸಿ ಎದ್ದು ಬರಬೇಕೋ ಬೇಡವೋ, ಅಷ್ಟೇ. ಅಷ್ಟರ ಲೆಕ್ಕವನ್ನು ಅವನೇ ಕೊಡಬೇಕು.

ನಮಗೆ ಪರಿಚಯದ ಒಬ್ಬ ಹುಡುಗ ವಿಧವೆಯೊಬ್ಬರ ಎರಡು ಕಂತನ್ನು ತನ್ನ ಜೇಬಿನಿಂದ ತುಂಬಿದ. ಸವಾಬ್ ಸಿಗಬಹುದು ಎಂದುಕೊಂಡಿದ್ದ. ಕಂಪೆನಿಯ ಪುಸ್ತಕದಲ್ಲಿ ಅದು ನೂರಕ್ಕೆ ನೂರು ವಸೂಲಿ ಎಂದು ಜಮೆಯಾಯಿತು. ಮುಂದಿನ ತಿಂಗಳು ಅವನಿಗೆ ಇನ್ನೂ ಎರಡು ಗುಂಪು ಕೊಟ್ಟರು.

ಹಾನಗಲ್ಲಿನಲ್ಲಿರುವ ಅವನ ತಾಯಿಯೂ ಒಂದು ಗುಂಪಿನ ಸದಸ್ಯೆ. ಅಲ್ಲಿಗೆ ಬರುವವನು ಶಿಗ್ಗಾಂವಿನ ಕಡೆಯ ಹುಡುಗ. ಕಂತು ಹೊಂದದ ದಿನ ಅವನೂ ಏಳದೆ ಕೂರುತ್ತಾನೆ. ತಾಯಿ ಅವನಿಗೆ ಚಹಾ ಕೊಡುತ್ತಾರೆ. ಯಾಕೆ ಎಂದು ಕೇಳಿದ್ದಕ್ಕೆ, ತಿಂದು ಬಂದಿರುತ್ತಾನೋ ಇಲ್ಲವೋ, ನಮ್ಮವನಿಗೂ ಅಲ್ಲಿ ಯಾರಾದರೂ ಕೊಟ್ಟಾರು ಎಂದರು.