ಚೊಕ್ಕ ಲೆಕ್ಕದ ಹಿಂದಿನ ಬೇಗುದಿ



ಜತ್ತ, ಅಕ್ಕಲಕೋಟೆ ಕಡೆಯ ಊರುಗಳಿಗೆ ಹೋದಾಗಲೆಲ್ಲ ಒಂದು ಮಾತು ಕೇಳುತ್ತೇವೆ: "ಅವರ ಅಂಗಡಿ ನೋಡ್ರಿ, ಒಂದು ಪೈಸಾ ಲೆಕ್ಕ ತಪ್ಪಂಗಿಲ್ಲ. ಅವರ ದಾಳಿಂಬಿ ತೋಟದಾಗ ಒಂದು ಕಸ ಸಿಗಂಗಿಲ್ಲ." ನಾವೂ ತಲೆದೂಗಿ ಹೊಗಳಿ ಬಂದಿದ್ದೇವೆ. ಹಾಗೆ ಹೊಗಳಿಸಿಕೊಂಡ ಅಡತಿ ವ್ಯಾಪಾರಿಯೊಬ್ಬರ ಮಡದಿ ಒಮ್ಮೆ ನಮ್ಮ ಮುಂದೆ ಕಣ್ಣೀರು ಹಾಕಿದರು. "ಅಪ್ಪಾರೆ, ರಾತ್ರಿ ಮೂರಕ್ಕ ಎದ್ದು ಕೂಡತಾರ್ರಿ. ತಾಳೆ ಆದ ಕಿರ್ದಿನ ಮತ್ತ ಮತ್ತ ಕೂಡಸತಾರ. ರೊಟ್ಟಿ ಸೇರೂದಿಲ್ಲ. ಮಗಳ ಲಗ್ನದ ಮಾತು ತೆಗದ್ರೂ ಮುಖ ಅರಳೂದಿಲ್ಲ." ಅಂಗಡಿ ಮಾತ್ರ ಕನ್ನಡಿಯಂತಿತ್ತು. ನಾವು ಅಂಗಡಿಯನ್ನು ನೋಡಿದ್ದೆವು, ಅವರನ್ನು ನೋಡಿರಲಿಲ್ಲ.

ಇದನ್ನು ಕಾಯಕನಿಷ್ಠೆ ಎನ್ನಬಹುದೆ? ಕಾಯಕದಲ್ಲಿ ದಣಿವಿದ್ದರೂ ನೆಮ್ಮದಿ ಇರುತ್ತದೆ. ಇಲ್ಲಿರುವುದು ಅಂಜಿಕೆ, ಒಂದು ತಪ್ಪಾದರೆ ತನ್ನ ಬೆಲೆಯೇ ಹೋಯಿತೆಂಬ ಅಂಜಿಕೆ. ಖಿನ್ನತೆ ಎಂಬ ಬೇನೆ ಹತ್ತಿದಾಗ ಗಮನ ನಿಲ್ಲುವುದಿಲ್ಲ, ಸಣ್ಣಪುಟ್ಟ ತಪ್ಪುಗಳಾಗುತ್ತವೆ. ಅವನ್ನು ಮುಚ್ಚಲು ಮನುಷ್ಯ ಇಮ್ಮಡಿ ದುಡಿಯುತ್ತಾನೆ, ನಿದ್ದೆಗೆಡುತ್ತಾನೆ, ಬೇನೆ ಇನ್ನೂ ಬಲಿಯುತ್ತದೆ. ಹೊರಗಿನವರಿಗೆ ಕಾಣುವುದು ದುಡಿಮೆಯಷ್ಟೆ. ಮೇಲೆ ನಮ್ಮ ಹೊಗಳಿಕೆ ಬೇರೆ. ಇಷ್ಟು ಮಾನ ಪಡೆದವನು 'ನನ್ನ ಕೈಲಾಗುತ್ತಿಲ್ಲ' ಎಂದು ಯಾರ ಮುಂದೆ ಹೇಳಿಯಾನು?

ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಕಳಿಸಿದ ಕಥೆ ತಮಗೆಲ್ಲ ಗೊತ್ತು. ಅತಿಯಾಸೆಯ ಕಥೆಯೆಂದೇ ನಾವು ಅದನ್ನು ಹೇಳುತ್ತ ಬಂದಿದ್ದೇವೆ. ಇವತ್ತಿಗೆ ಇಷ್ಟು ಸಾಕು ಎಂಬ ಅಳತೆ ದುಡಿಮೆಗೂ ಬೇಕೆಂದು ಅದರಲ್ಲಿ ಕೇಳಿಸಿಕೊಳ್ಳಬಾರದೇಕೆ?

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಆ ವ್ಯಾಪಾರಿಗೆ ನಾವು ಮೊದಲು ಹೇಳಿದ್ದು, "ಧೈರ್ಯ ತಂದುಕೊಳ್ಳಿ, ಪೂಜೆ ಹೆಚ್ಚು ಮಾಡಿ" ಎಂದು. ಅವರು ಪೂಜೆಯನ್ನೂ ಕಿರ್ದಿಯಂತೆಯೇ ಮಾಡತೊಡಗಿದರು. ವಿಭೂತಿಯ ಗೆರೆ ತುಸು ಸೊಟ್ಟಾದರೆ ಮತ್ತೆ ಮೊದಲಿನಿಂದ! ಬೇನೆಗೆ ನಾವೇ ಇನ್ನೊಂದು ಕೆಲಸ ಕೊಟ್ಟಂತಾಯಿತು. ಆಮೇಲೆ ತಿಳಿದವರು ಹೇಳಿದರು: ಎರಡು ವಾರ ಮೀರಿ ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ರುಚಿ ಇಲ್ಲದಿದ್ದರೆ, ಅದು ಹೇಡಿತನವಲ್ಲ, ಬೇನೆ, ವೈದ್ಯರಿಗೆ ತೋರಿಸಬೇಕು. ಔಷಧ ಹಿಡಿಯಲು ಕೆಲವು ವಾರ ಬೇಕು, ನಡುವೆ ಬಿಡಬಾರದು. ಬದುಕೇ ಬೇಡವೆಂಬ ಮಾತು ಬಂದರಂತೂ ಒಂದು ದಿನವೂ ಕಾಯಬಾರದು, ಅವರನ್ನು ಒಂಟಿಯಾಗಿ ಬಿಡಬಾರದು. ಸರಕಾರ 2022ರಲ್ಲಿ ತೆರೆದ ಟೆಲಿ ಮಾನಸ್‌ಗೆ, 14416ಕ್ಕೆ, ಹಗಲು ರಾತ್ರಿ ಯಾವಾಗಲೂ ಪುಕ್ಕಟೆಯಾಗಿ ಫೋನ್ ಮಾಡಬಹುದು. ಅಲ್ಲಿ ಕನ್ನಡವೂ ಉಂಟು. ಪೇಟೆಯಲ್ಲಿ ಮರಾಠಿ ಆಡುವ ನಮ್ಮವರು ಅಳು ಬಂದಾಗ ಕನ್ನಡದಲ್ಲಿಯೇ ಅಳುತ್ತಾರಲ್ಲವೆ?

ಆ ವ್ಯಾಪಾರಿಯನ್ನು ಸೊಲ್ಲಾಪುರಕ್ಕೆ ಕರೆದೊಯ್ದರು. ವೈದ್ಯರು ಗುಳಿಗೆಯ ಜೊತೆಗೆ ಒಂದು ಕೆಲಸವನ್ನೂ ಹಚ್ಚಿದರಂತೆ: ಸಂಜೆ ಲೆಕ್ಕ ಒಂದೇ ಸಲ ನೋಡಿ ಬೀಗ ಹಾಕಬೇಕು. ಮೊದಲ ದಿನ ದಾರಿಯಿಂದ ಎರಡು ಸಲ ತಿರುಗಿ ಹೋದರಂತೆ. ಎರಡು ತಿಂಗಳಾದ ಮೇಲೆ ಒಂದು ಸಂಜೆ ಹನ್ನೊಂದು ರೂಪಾಯಿ ತಾಳೆಯಾಗದಿದ್ದರೂ ಎಂಟಕ್ಕೆ ಮನೆಗೆ ಬಂದು ಎರಡು ರೊಟ್ಟಿ ಉಂಡರು. ಆ ಹನ್ನೊಂದು ರೂಪಾಯಿ ಮರುದಿನ ಹಮಾಲರ ಚಹಾದ ಲೆಕ್ಕದಲ್ಲಿ ಸಿಕ್ಕಿತು.