ಹೊಲಕ್ಕಿಳಿದ ಹಂಸ



ಮಲಪ್ರಭೆಯ ದಡದ ನಮ್ಮ ಕಮತಗಿಯ ಸೀಮೆಯಲ್ಲಿ ಹಿಂಗಾರಿ ಬಿತ್ತನೆ ಮುಗಿದು ಎರೆಹೊಲಗಳಲ್ಲಿ ಕಡಲೆ ಮೊಳೆಯುವ ಕಾಲಕ್ಕೆ, ಆಲಮಟ್ಟಿಯ ಹಿನ್ನೀರಿಗೂ ಗದಗ ಜಿಲ್ಲೆಯ ಮಾಗಡಿ ಕೆರೆಗೂ ದೂರದೇಶದ ಅತಿಥಿಗಳು ಬಂದಿಳಿಯುತ್ತವೆ. ಬಿಳಿಯ ತಲೆಯ ಮೇಲೆ ಎರಡು ಕರಿಯ ಪಟ್ಟೆಗಳುಳ್ಳ ಹೆಬ್ಬಾತುಗಳಿವು. ಮಂಗೋಲಿಯಾ, ಟಿಬೆಟ್ಟುಗಳಲ್ಲಿ ಮರಿಮಾಡಿ, 6000 ಮೀಟರಿಗೂ ಮೇಲೇರಬಲ್ಲ ರೆಕ್ಕೆಗಳಿಂದ ಹಿಮಾಲಯವನ್ನು ದಾಟಿ ಬಂದು, ಚಳಿಗಾಲವನ್ನು ನಮ್ಮಲ್ಲಿ ಕಳೆಯುತ್ತವೆ. ಮಾಗಡಿ ಕೆರೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಲೋಕಮಾನ್ಯವಾಯಿತು.

ಆದರೆ ಹಗಲು ನೀರಿನಲ್ಲಿ ವಿಶ್ರಮಿಸುವ ಈ ಪಕ್ಷಿಗಳು ಇರುಳಿನಲ್ಲಿಯೂ ಬೆಳಗಿನ ಜಾವದಲ್ಲಿಯೂ ಹೊಲಕ್ಕಿಳಿದು ಶೇಂಗಾವನ್ನೂ ಎಳೆಯ ಪೈರನ್ನೂ ಮೇಯುತ್ತವೆ. ಹಿನ್ನೀರಿನ ಅಂಚಿನಲ್ಲಿ ಎರಡೆಕರೆ ಕಡಲೆ ಬಿತ್ತಿದ ಒಬ್ಬ ಒಕ್ಕಲುಮಗನು ಒಮ್ಮೆ ನನ್ನನ್ನು ಕೇಳಿದನು: “ಗುರುಗಳೇ, ಮಠದಲ್ಲಿ ದಯೆಯ ಮಾತು ಕೇಳುತ್ತೇನೆ, ಹೊಲಕ್ಕೆ ಹೋದರೆ ಕೈಗೆ ಕಲ್ಲು ಬರುತ್ತದೆ. ಏನು ಮಾಡಲಿ?” “ಅದನ್ನೂ ದಾಸೋಹವೆಂದು ತಿಳಿಯಪ್ಪಾ” ಎಂದುಬಿಟ್ಟೆನು. ಅವನು ಮರುಮಾತಾಡದೆ ಹೋದನು. ನನ್ನ ತಿಂಗಳ ಸಂಬಳವನ್ನು ಯಾವ ಪಕ್ಷಿಯೂ ಮೇಯುವುದಿಲ್ಲವೆಂಬುದು ಆಮೇಲೆ ಹೊಳೆದು ನಾಚಿಕೆಯಾಯಿತು.

ದಾಸೋಹವೆಂದರೆ ಮನವೊಪ್ಪಿ ನೀಡುವುದು. ಬಡವನ ಹೊಲವು ಅವನರಿಯದೆ ಬರಿದಾದರೆ ಅದು ದಾಸೋಹವಲ್ಲ, ನಷ್ಟ. ಶರಣರಿಗೆ ಕಾಯಕವಿಲ್ಲದ ದಾಸೋಹವಿಲ್ಲ. ಬಿತ್ತುವುದು ಕಾಯಕವಾದರೆ ಕಾಯುವುದೂ ಕಾಯಕವೇ. ಆದುದರಿಂದ ಹಕ್ಕಿಯನ್ನು ಹೊಲದಿಂದ ಎಬ್ಬಿಸುವುದು ಪಾಪವಲ್ಲ. ಕೊಲ್ಲುವುದು, ವಿಷವಿಡುವುದು, ಉರುಲೊಡ್ಡುವುದು ಪಾಪ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧವೂ ಹೌದು.

ಕಾಯುವ ಬಗೆ ಹೇಗೆ? ಪೈರು ಎಳೆಯದಾಗಿರುವ ಮೊದಲ ವಾರಗಳಲ್ಲಿ ನೆರೆಹೊಲದವರು ಸರದಿಯಿಂದ ಕಾವಲಿರಬೇಕು. ಹೆಬ್ಬಾತು ಸುತ್ತಲೂ ಕಣ್ಣು ಹಾಯುವ ಬಯಲನ್ನೇ ಬಯಸುತ್ತದೆ. ಹೊಲದಂಚಿಗೆ ಎತ್ತರದ ಜೋಳದ ಸಾಲುಗಳಿದ್ದರೆ ಅಲ್ಲಿ ಇಳಿಯಲು ಅಂಜುತ್ತದೆ. ಬೆದರುಬೊಂಬೆಯನ್ನು ಒಂದೆಡೆಯೇ ನಿಲ್ಲಿಸಿದರೆ ಪಕ್ಷಿಗೆ ಅದರ ಗುಟ್ಟು ತಿಳಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಅದರ ಜಾಗವನ್ನೂ ಸದ್ದಿನ ಬಗೆಯನ್ನೂ ಬದಲಿಸಬೇಕು. ಇನ್ನೊಂದು ಮುಖ್ಯ ಮಾತು: ಎಬ್ಬಿಸಿದ ಹಕ್ಕಿಗೆ ಹೋಗಲು ಎಡೆಯಿರಬೇಕು. ಶೇಂಗಾ ಕಿತ್ತ ಹೊಲವನ್ನು ಕೆಲವು ದಿನ ಉಳದೆ ಬಿಟ್ಟರೆ ಉದುರಿದ ಕಾಳು ಅದಕ್ಕೆ ಸಾಕಾಗುತ್ತದೆ. ಆ ಬಿಟ್ಟ ಹೊಲವೇ ನಿಜವಾದ ದಾಸೋಹ.

ಸಂಸ್ಕೃತ ಕವಿಗಳ ಹಂಸವು ಈ ಹೆಬ್ಬಾತಿನ ಕುಲದ್ದೇ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಹಾಲನ್ನೂ ನೀರನ್ನೂ ಬೇರ್ಪಡಿಸುವ ಶಕ್ತಿಯನ್ನು ನಾವು ಆ ಪಕ್ಷಿಗೆ ಆರೋಪಿಸಿದೆವು. ಈಗ ಆ ವಿವೇಕವು ನಮಗೆ ಬೇಕಾಗಿದೆ. ಪಕ್ಷಿಯ ಹಸಿವು ಬೇರೆ, ರೈತನ ನಷ್ಟ ಬೇರೆ, ಎರಡೂ ಸತ್ಯ. ಒಂದನ್ನು ನೋಡಿ ಇನ್ನೊಂದಕ್ಕೆ ಕಣ್ಣುಮುಚ್ಚುವವನಿಗೆ ದಯೆ ತಿಳಿಯದು.

ಹಂಸವನ್ನು ಕಂಡು ಹಿಗ್ಗುವವರು ಊರವರೆಲ್ಲರೂ. ಅದರ ಮೇವಿನ ಭಾರವನ್ನು ಹೊರುವವನು ಮಾತ್ರ ನೀರಂಚಿನ ಒಬ್ಬ ರೈತನೆಂದರೆ ನ್ಯಾಯವೇ? ಸುಗ್ಗಿಯಲ್ಲಿ ಮನೆಗೊಂದು ಸೇರು ಕಡಲೆಯನ್ನು ಅವನ ಕಣಕ್ಕೆ ಮುಟ್ಟಿಸೋಣ. ಆ ಒಕ್ಕಲುಮಗನ ಮನೆಗೆ ಹೋಗಿ ನನ್ನ ಮೊದಲಿನ ಮಾತನ್ನು ಹಿಂತೆಗೆದುಕೊಂಡೆನು. ನನ್ನ ಪಾಲಿನ ಸೇರನ್ನು ಅಳೆದಿಟ್ಟು ಬಂದೆನು.