ಸೊಸೆ ಬೇಕೆಂದು ಮಗಳೇ?

ಮುಳಬಾಗಿಲು ತಾಲೂಕಿನ ಕುರುಡುಮಲೆಗೆ ಘೋಷಣೆಗಳು ಹೊಸತಲ್ಲ. ಅಲ್ಲಿನ ಏಕಶಿಲೆಯ ಗಣಪತಿಗೆ ಪೂಜೆ ಸಲ್ಲಿಸಿ ಚುನಾವಣಾ ಪ್ರಚಾರ ಆರಂಭಿಸುವುದು ನಮ್ಮ ರಾಜ್ಯದ ರಾಜಕಾರಣಿಗಳ ವಾಡಿಕೆ. 1999ರಲ್ಲಿ ಎಸ್. ಎಂ. ಕೃಷ್ಣ ಅವರ ಪಾಂಚಜನ್ಯ ಯಾತ್ರೆ ಹೊರಟದ್ದು ಇಲ್ಲಿಂದಲೇ. 2023ರ ಚುನಾವಣೆಯ ಮುಂಚೆಯೂ ಪ್ರಚಾರದ ವಾಹನಗಳು ಇಲ್ಲಿಂದ ಹೊರಟವು. ಊರಿನವರು ಎಲ್ಲವನ್ನೂ ಕೇಳುತ್ತಾರೆ, ಕೇಳಿ ತಮ್ಮ ಹೊಲದ ಕಡೆ ನಡೆಯುತ್ತಾರೆ.

ಕೆಲವು ವರ್ಷಗಳ ಹಿಂದೆ ಮುಳಬಾಗಿಲಿನ ಹೈದರ್ ವಲಿ ದರ್ಗಾಕ್ಕೆ ಹೋಗಿದ್ದ ನಾವು ಗೆಳೆಯರೊಬ್ಬರ ಜೊತೆ ಕುರುಡುಮಲೆಯ ಕಡೆಗೂ ಹೊರಟೆವು. ದಾರಿಯಲ್ಲಿ ಒಂದು ಗೋಡೆಯ ಮೇಲೆ ಅಳುವ ಮಗುವಿನ ಚಿತ್ರ. ಅದರ ಕೆಳಗೆ, ಹೆಣ್ಣು ಮಗುವನ್ನು ಉಳಿಸದಿದ್ದರೆ ನಾಳೆ ಸೊಸೆಯನ್ನು ಎಲ್ಲಿಂದ ತರುವಿರಿ ಎಂಬ ಪ್ರಶ್ನೆ. ಟೊಮೆಟೊ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು, “ಏನ್ ಬರ್ದವ್ರೆ ಸಾಬ್ರೇ ಅಲ್ಲಿ?” ಎಂದು ಕೇಳಿದರು. ಓದಿ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಹಂಗಾದ್ರೆ ಸೊಸೆ ಸಿಕ್ಕೋವಷ್ಟು ಹೆಣ್ಣಿದ್ರೆ ಸಾಕಾ? ಮಿಕ್ಕಿದ್ದನ್ನ ಏನ್ ಮಾಡ್ತಾರಂತೆ?”

ನಮ್ಮ ಬಳಿ ಉತ್ತರವಿರಲಿಲ್ಲ. ಗೋಡೆಯ ಮೇಲೆ ಬರೆಸಿದವರ ಬಳಿಯೂ ಇರಲಾರದು. ಅವರ ಉದ್ದೇಶ ಒಳ್ಳೆಯದೇ. ಆದರೆ ಉದ್ದೇಶ ಒಳ್ಳೆಯದಾದರೆ ಕೊಡುವ ಕಾರಣ ಹೇಗಿದ್ದರೂ ನಡೆಯುತ್ತದೆಯೇ? ಗರ್ಭಪಾತದಂತಹ ಗಂಭೀರ ವಿಷಯದಲ್ಲಿ ಕಣ್ಣೀರು ತರಿಸುವ ಒಂದು ಚಿತ್ರ ಮತ್ತು ಒಂದು ಸಾಲಿನ ಘೋಷಣೆ ಸಾಕೇ? ಗರ್ಭಪಾತ ಸರಿಯೋ ತಪ್ಪೋ ಎಂದು ಇಲ್ಲಿ ತೀರ್ಪು ಕೊಡಲು ನಾವು ಹೊರಟಿಲ್ಲ. ಅದರ ಪರವಾಗಿ ಮತ್ತು ವಿರುದ್ಧವಾಗಿ ನಮ್ಮ ಮುಂದೆ ಇಡಲಾಗುವ ಕಾರಣಗಳನ್ನು ಸ್ವಲ್ಪ ತೂಗಿ ನೋಡೋಣ.

1980ರ ದಶಕದಲ್ಲಿ ಲಿಂಗಪತ್ತೆ ಕೇಂದ್ರಗಳು ಒಂದು ಜಾಹೀರಾತನ್ನು ಬಳಸುತ್ತಿದ್ದವು. ಈಗ ಐನೂರು ರೂಪಾಯಿ ಖರ್ಚು ಮಾಡಿ, ಮುಂದೆ ಲಕ್ಷಗಟ್ಟಲೆ ಉಳಿಸಿ ಎಂಬುದು ಅದರ ಸಾರ. ಉಳಿಯುವ ಆ ಲಕ್ಷಗಳು ವರದಕ್ಷಿಣೆಯ ಹಣ ಎಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. 1988ರಲ್ಲಿ ಮಹಾರಾಷ್ಟ್ರ ಇದರ ವಿರುದ್ಧ ಕಾನೂನು ಮಾಡಿತು. 1994ರಲ್ಲಿ ಕೇಂದ್ರದ ಕಾಯ್ದೆ ಬಂದು 1996ರಿಂದ ಜಾರಿಯಾಯಿತು. ಅದರ 22ನೇ ಸೆಕ್ಷನ್ ಪ್ರಕಾರ ಲಿಂಗಪತ್ತೆಯ ಜಾಹೀರಾತು ನೀಡುವುದೇ ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಹತ್ತು ಸಾವಿರದವರೆಗೆ ದಂಡ ವಿಧಿಸಬಹುದು.

ಜಾಹೀರಾತು ಹೋಯಿತು. ಅದರ ತರ್ಕ ಹೋಯಿತೇ? ಆ ಕೇಂದ್ರದವರು ಹೇಳಿದ್ದು ಮಗಳೆಂದರೆ ಖರ್ಚು ಎಂದು. ನಮ್ಮ ಗೋಡೆಬರಹ ಹೇಳುತ್ತಿರುವುದು ಮಗಳೆಂದರೆ ಇನ್ನೊಬ್ಬರ ಮನೆಗೆ ಮುಂದೆ ಬೇಕಾಗುವ ಸೊಸೆ ಎಂದು. ಒಬ್ಬರು ಅವಳನ್ನು ಖರ್ಚಿನ ಕಾಲಂನಲ್ಲಿ ಬರೆದರು, ಇನ್ನೊಬ್ಬರು ಜಮೆಯ ಕಾಲಂಗೆ ವರ್ಗಾಯಿಸಿದರು. ಖಾತೆ ಪುಸ್ತಕ ಮಾತ್ರ ಅದೇ. ಅವಳು ಒಂದು ಜೀವ, ಆ ಕಾರಣಕ್ಕೇ ಅವಳಿಗೆ ಬದುಕುವ ಹಕ್ಕಿದೆ ಎಂಬ ಮಾತು ಎರಡರಲ್ಲೂ ಇಲ್ಲ.

ಈ ತರ್ಕ ನೈತಿಕವಾಗಿ ಮಾತ್ರವಲ್ಲ, ವ್ಯವಹಾರದಲ್ಲೂ ಸೋಲುತ್ತದೆ. ಮಂಡ್ಯ ಜಿಲ್ಲೆಯನ್ನು ನೋಡಿ. 2023ರ ಫೆಬ್ರವರಿಯಲ್ಲಿ ಅಲ್ಲಿನ ಅವಿವಾಹಿತ ಯುವಕರು ಮದುವೆಗೆ ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಪತ್ರಿಕೆಗಳು ಅದನ್ನು ‘ಬ್ರಹ್ಮಚಾರಿಗಳ ಪಾದಯಾತ್ರೆ’ ಎಂದವು. ಅದೇ ವರ್ಷದ ಕೊನೆಯಲ್ಲಿ ಅದೇ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಬಯಲಿಗೆಳೆದರು. ನೂರಾರು ಗರ್ಭಪಾತಗಳು ನಡೆದಿವೆ ಎಂದು ಅವರು ಹೇಳಿದರು. ಹೆಣ್ಣಿನ ಕೊರತೆ ಅಲ್ಲಿ ಯಾರಿಗೂ ತಿಳಿಯದ ಸಂಗತಿಯಾಗಿರಲಿಲ್ಲ. ಕಣ್ಣೆದುರೇ ಇತ್ತು. ಆದರೂ ಆಲೆಮನೆಯ ಬಾಗಿಲಿಗೆ ಜನ ಹೋದರು. ಏಕೆ? ಸೊಸೆ ಬೇಕು ಎನ್ನುವ ಕುಟುಂಬಕ್ಕೆ ತನ್ನ ಮಗಳಿಂದ ಸೊಸೆ ಸಿಗುವುದಿಲ್ಲ, ಬೇರೆಯವರ ಮಗಳಿಂದ ಸಿಗುತ್ತದೆ. ಹೆಣ್ಣನ್ನು ಪಕ್ಕದ ಮನೆಯವರು ಹೆರಲಿ, ನಮಗೆ ಗಂಡಾಗಲಿ ಎಂದು ಪ್ರತಿ ಮನೆಯೂ ಲೆಕ್ಕ ಹಾಕಿದರೆ ಆ ಘೋಷಣೆ ಯಾರನ್ನೂ ತಡೆಯಲಾರದು. ಲಾಭದ ಮಾತಿನಿಂದ ಒಲಿಸಿಕೊಂಡವನು ಇನ್ನೊಂದು ಲಾಭ ಕಂಡಾಗ ಕೈಬಿಟ್ಟು ಹೋಗುತ್ತಾನೆ.

ಇದೇ ಜಾತಿಯ ಇನ್ನೊಂದು ವಾದವಿದೆ. ಕಲ್ಪನಾ ಚಾವ್ಲಾ, ಇಂದಿರಾ ಗಾಂಧಿ ಮುಂತಾದವರ ಚಿತ್ರ ಹಾಕಿ, ಇವರು ಹುಟ್ಟದೇ ಹೋಗಿದ್ದರೆ ಎಂದು ಕೇಳುವುದು. ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೆ ಸಂಗೀತಗಾರ ಬೀಥೋವನ್‌ನ ಹೆಸರನ್ನು ಬಳಸುತ್ತಾರೆ. ರೋಗಗ್ರಸ್ತ ತಂದೆತಾಯಿ, ಹಿಂದಿನ ಮಕ್ಕಳೆಲ್ಲ ಅಂಗವಿಕಲರು, ಈ ಗರ್ಭವನ್ನು ತೆಗೆಸಬೇಕೇ ಎಂದು ಕೇಳಿ, ಹೌದು ಎಂದರೆ ನೀವು ಬೀಥೋವನ್‌ನನ್ನು ಕೊಂದಿರಿ ಎನ್ನುವ ಕಥೆ ಅದು. ಅದರಲ್ಲಿ ಹೇಳುವ ಕುಟುಂಬದ ವಿವರಗಳೇ ಸುಳ್ಳು. ನೊಬೆಲ್ ಪುರಸ್ಕೃತ ವಿಜ್ಞಾನಿ ಪೀಟರ್ ಮೆಡವಾರ್ ಇದರ ಪೊಳ್ಳುತನವನ್ನು ಬಹಳ ಹಿಂದೆಯೇ ತೋರಿಸಿದ್ದರು. ಅದೇ ತರ್ಕ ಹಿಡಿದರೆ ಮದುವೆಯಾಗದೆ ಉಳಿದವರೂ ಒಬ್ಬ ಬೀಥೋವನ್‌ನನ್ನು ಜಗತ್ತಿಗೆ ತಪ್ಪಿಸಿದ ಅಪರಾಧಿಗಳಾಗುತ್ತಾರೆ. ಅಲ್ಲದೆ ಬೀಥೋವನ್‌ನ ಜಾಗದಲ್ಲಿ ಹಿಟ್ಲರನ ಹೆಸರನ್ನಿಟ್ಟರೆ ವಾದ ತಲೆಕೆಳಗಾಗುತ್ತದೆ. ಬಾಹ್ಯಾಕಾಶಕ್ಕೆ ಹೋಗದೆ, ಪ್ರಧಾನಿಯಾಗದೆ, ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಾ ಬದುಕುವ ಕೋಲಾರದ ಹೆಣ್ಣುಮಗಳ ಜೀವಕ್ಕೆ ಬೆಲೆ ಇಲ್ಲವೇ?

ಇನ್ನು ಪದಗಳ ವಿಷಯ. ‘ಭ್ರೂಣಹತ್ಯೆ ಮಹಾಪಾಪ, ಶಿಕ್ಷಾರ್ಹ ಅಪರಾಧ’ ಎಂಬ ಬರಹವನ್ನು ನಾವೆಲ್ಲರೂ ನೋಡಿದ್ದೇವೆ. ಅನೇಕ ಕಡೆ ಅದರಲ್ಲಿ ‘ಹೆಣ್ಣು’ ಎಂಬ ಪದ ಇರುವುದಿಲ್ಲ, ‘ಲಿಂಗಪತ್ತೆ’ ಎಂಬ ಪದವಂತೂ ಇಲ್ಲವೇ ಇಲ್ಲ. ಆದರೆ ನಮ್ಮ ದೇಶದಲ್ಲಿ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಡಿ ನಿರ್ದಿಷ್ಟ ಕಾರಣಗಳಿಗೆ, ನೋಂದಾಯಿತ ವೈದ್ಯರಿಂದ ಗರ್ಭಪಾತ ಮಾಡಿಸಿಕೊಳ್ಳಲು ಅವಕಾಶವಿದೆ. 2021ರ ತಿದ್ದುಪಡಿಯ ನಂತರ 20 ವಾರಗಳವರೆಗೆ ಒಬ್ಬ ವೈದ್ಯರ, ಅತ್ಯಾಚಾರಕ್ಕೊಳಗಾದವರೂ ಸೇರಿದಂತೆ ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಈ ವಿಷಯದಲ್ಲಿ ವಿವಾಹಿತೆ, ಅವಿವಾಹಿತೆ ಎಂದು ಭೇದ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಧಾರ್ಮಿಕವಾಗಿ ಈ ಕಾಯ್ದೆಯನ್ನು ಒಪ್ಪದವರಿರಬಹುದು. ಅದು ಬೇರೆ ಚರ್ಚೆ. ಆದರೆ ಲಿಂಗಪತ್ತೆಯ ಅಪರಾಧವನ್ನು ಎಲ್ಲ ಗರ್ಭಪಾತದ ಮೇಲೂ ಹೊರಿಸುವ ಗೋಡೆಬರಹ ಓದುಗರಿಗೆ ಸುಳ್ಳು ಹೇಳುತ್ತದೆ. ಅದನ್ನು ಓದಿ ಹೆದರಿದ ಬಡ ಹೆಂಗಸು ಆಸ್ಪತ್ರೆಗೆ ಹೋಗುವ ಬದಲು ಕದ್ದುಮುಚ್ಚಿ ನಕಲಿ ವೈದ್ಯನ ಬಳಿಗೆ ಹೋದರೆ, ಜೀವ ಉಳಿಸಲೆಂದು ಬರೆದ ಘೋಷಣೆಯೇ ಒಂದು ಜೀವವನ್ನು ಅಪಾಯಕ್ಕೆ ತಳ್ಳಿದಂತಾಯಿತು.

ಹಾಗೆಂದು ಇನ್ನೊಂದು ಪಕ್ಷದ ಘೋಷಣೆಗಳು ಗಟ್ಟಿಯಾಗಿವೆ ಎಂದೇನಲ್ಲ. ‘ನನ್ನ ದೇಹ, ನನ್ನ ಹಕ್ಕು’ ಎಂಬ ಮಾತಿನಲ್ಲಿ ಸತ್ಯಾಂಶವಿದೆ. ಹೆಣ್ಣಿನ ಮೈಮೇಲೆ ಗಂಡ, ಅತ್ತೆ, ಊರಿನವರೆಲ್ಲ ಅಧಿಕಾರ ಚಲಾಯಿಸುವ ನಮ್ಮ ಸಮಾಜದಲ್ಲಿ ಅದು ಕೇಳಬೇಕಾದ ಮಾತು. ಆದರೆ ಚರ್ಚೆ ಆರಂಭವಾಗಬೇಕಾದ ಸ್ಥಳದಲ್ಲೇ ಅದು ಚರ್ಚೆಯನ್ನು ಮುಗಿಸಿಬಿಡುತ್ತದೆ. ಗರ್ಭದೊಳಗಿರುವುದು ಅವಳ ದೇಹದ ಭಾಗ ಮಾತ್ರವೋ ಅಥವಾ ಬೇರೊಂದು ಜೀವವೂ ಹೌದೋ ಎಂಬುದೇ ವಿವಾದದ ಮೂಲ. ಉತ್ತರವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಪ್ರಶ್ನೆ ಕೇಳಿದರೆ ಅದು ವಾದವಾಗುವುದಿಲ್ಲ. ಅಷ್ಟೇ ಅಲ್ಲ, ಹೆಣ್ಣುಭ್ರೂಣವೆಂದು ತಿಳಿದು ತೆಗೆಸಿಕೊಳ್ಳಲು ಬರುವ ಹೆಂಗಸಿನ ‘ಆಯ್ಕೆ’ಯ ಹಿಂದೆ ಎಷ್ಟು ಜನ ನಿಂತಿರುತ್ತಾರೆ ಎಂಬುದನ್ನು ಈ ಘೋಷಣೆ ಹೇಳುವುದಿಲ್ಲ.

ಈ ಎರಡೂ ಪಕ್ಷಗಳ ಪ್ರಚಾರ ಮುಖಾಮುಖಿಯಾದ ದೊಡ್ಡ ಕಣ ಐರ್ಲೆಂಡ್. ಆ ಕಣದ ನಡುವೆ ನಿಂತದ್ದು ಒಬ್ಬ ಕನ್ನಡದ ಹೆಣ್ಣುಮಗಳ ಮುಖ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್‌ನಲ್ಲಿ 17 ವಾರಗಳ ಗರ್ಭಿಣಿಯಾಗಿ ಗಾಲ್ವೇ ನಗರದ ಆಸ್ಪತ್ರೆಗೆ ದಾಖಲಾದರು. ಗರ್ಭ ನಿಲ್ಲುವುದಿಲ್ಲ ಎಂದು ಸ್ಪಷ್ಟವಾಗಿತ್ತು. ಆದರೂ ಭ್ರೂಣದ ಹೃದಯ ಬಡಿಯುತ್ತಿದ್ದ ಕಾರಣ ಆಕೆ ಕೇಳಿಕೊಂಡ ಗರ್ಭಪಾತವನ್ನು ನಿರಾಕರಿಸಲಾಯಿತು. ಸೋಂಕು ರಕ್ತಕ್ಕೇರಿ ಅಕ್ಟೋಬರ್ 28ರಂದು ಆಕೆ ತೀರಿಕೊಂಡರು. ವಯಸ್ಸು 31. ತಾಯಿ ಮತ್ತು ಭ್ರೂಣದ ಜೀವದ ಹಕ್ಕನ್ನು ಸಮಾನವೆಂದ 1983ರ ಸಂವಿಧಾನ ತಿದ್ದುಪಡಿ ಅಲ್ಲಿ ಜಾರಿಯಲ್ಲಿತ್ತು.

2018ರ ಮೇ 25ರಂದು ಆ ತಿದ್ದುಪಡಿಯನ್ನು ತೆಗೆಯಬೇಕೇ ಎಂದು ಜನಮತ ನಡೆಯಿತು. ವಿದ್ಯುತ್ ಕಂಬಗಳ ಮೇಲೆ ಒಂದು ಪಕ್ಷದವರು ಭ್ರೂಣದ ಚಿತ್ರಗಳನ್ನು ತೂಗುಹಾಕಿ, ಕೊಲ್ಲಲು ಪರವಾನಗಿ ಕೊಡುತ್ತೀರಾ ಎಂಬ ಅರ್ಥದ ಮಾತುಗಳನ್ನು ಬರೆದರು. ಇಂಗ್ಲೆಂಡಿನಲ್ಲಿ ಐದರಲ್ಲಿ ಒಂದು ಗರ್ಭ ಪಾತವಾಗುತ್ತದೆ ಎಂದು ಹೆದರಿಸಿದರು. ಕಾನೂನು ಬಿಗಿಯಾಗಿದ್ದಾಗಲೂ ವರ್ಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಐರಿಷ್ ಮಹಿಳೆಯರು ಗರ್ಭಪಾತಕ್ಕಾಗಿ ಅದೇ ಇಂಗ್ಲೆಂಡಿಗೆ ಹೋಗುತ್ತಿದ್ದರು ಎಂಬುದನ್ನು ಆ ಫಲಕ ಹೇಳಲಿಲ್ಲ. ಇನ್ನೊಂದು ಪಕ್ಷದವರು ಸವಿತಾರ ನಗುಮುಖದ ಚಿತ್ರವನ್ನು ಹಿಡಿದರು. ತಿದ್ದುಪಡಿಯನ್ನು ತೆಗೆಯಿರಿ ಎಂದು ಬೆಳಗಾವಿಯಿಂದ ಆಕೆಯ ತಂದೆಯೇ ಐರ್ಲೆಂಡಿನ ಜನರಿಗೆ ಮನವಿ ಮಾಡಿದರು. ಶೇಕಡಾ 66.4 ಮಂದಿ ಹಾಗೆಯೇ ಮತ ಹಾಕಿದರು.

ಸವಿತಾರ ಚಿತ್ರವೂ ಭಾವನೆಗೆ ಹಾಕಿದ ಗಾಳವೇ ಅಲ್ಲವೇ? ಹೌದು, ಭಾವನೆಯನ್ನು ಅದು ಕಲಕುತ್ತದೆ. ಆದರೆ ಭಾವನೆ ಕಲಕುವುದೇ ತಪ್ಪಲ್ಲ. ತೋರಿಸುವ ನೋವಿಗೂ ಚರ್ಚೆಯಲ್ಲಿರುವ ಕಾನೂನಿಗೂ ನಿಜವಾದ ಸಂಬಂಧ ಇದೆಯೇ ಎಂದು ಕೇಳಬೇಕು. ಇಲ್ಲಿ ಸಂಬಂಧವಿತ್ತು. ಆದರೂ ಚಿತ್ರ ಪೂರ್ತಿ ಕಥೆ ಹೇಳಲಿಲ್ಲ. ಸೋಂಕಿನ ಲಕ್ಷಣಗಳನ್ನು ಸರಿಯಾಗಿ ಗಮನಿಸಲಿಲ್ಲ ಎಂದೂ, ಭ್ರೂಣದ ಹೃದಯ ನಿಲ್ಲುವವರೆಗೆ ಕಾಯುವುದಕ್ಕೆ ಅತಿಯಾದ ಮಹತ್ವ ಕೊಡಲಾಯಿತು ಎಂದೂ 2013ರ ತನಿಖಾ ವರದಿ ಹೇಳಿತ್ತು. ಅಂದರೆ ಚಿಕಿತ್ಸೆಯ ಲೋಪವೂ ಇತ್ತು, ಕಾನೂನಿನ ನೆರಳೂ ಇತ್ತು. ಪ್ರಚಾರಕ್ಕೆ ಇಳಿದವರಲ್ಲಿ ಅನೇಕರು ತಮಗೆ ಬೇಕಾದ ಅರ್ಧವನ್ನಷ್ಟೇ ಎತ್ತಿಕೊಂಡರು.

ಕೊನೆಗೆ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಜೀವಂತ ಹೂಳಲ್ಪಟ್ಟ ಹೆಣ್ಣುಮಗುವನ್ನು, ಯಾವ ಅಪರಾಧಕ್ಕಾಗಿ ನಿನ್ನನ್ನು ಕೊಲ್ಲಲಾಯಿತು ಎಂದು ಅಂತ್ಯದಿನದಲ್ಲಿ ಕೇಳಲಾಗುವ ಸಂದರ್ಭ ಪವಿತ್ರ ಕುರ್‌ಆನಿನ ‘ಅತ್ತಕ್‌ವೀರ್’ ಅಧ್ಯಾಯದಲ್ಲಿದೆ. ಅಲ್ಲಿ ಸೊಸೆಯ ಮಾತಿಲ್ಲ, ಲಾಭನಷ್ಟದ ಮಾತಿಲ್ಲ. ಪ್ರಶ್ನೆ ನೇರವಾಗಿ ಆ ಮಗುವಿಗೇ. ಅವಳೇ ಸಾಕ್ಷಿ, ಅವಳೇ ಫಿರ್ಯಾದಿ. ಲಿಂಗದ ಕಾರಣಕ್ಕೆ ಜೀವ ತೆಗೆಯುವುದರ ವಿರುದ್ಧ ಇದಕ್ಕಿಂತ ಬಲವಾದ ವಾದ ನಮಗೆ ಕಂಡಿಲ್ಲ. ಆದರೆ ನಮ್ಮ ಕೆಲವು ಭಾಷಣಕಾರರು ಅದೇ ವಚನವನ್ನು ಎಲ್ಲ ಬಗೆಯ ಗರ್ಭಪಾತಕ್ಕೂ ಅನ್ವಯಿಸಿ ಮುಗಿಸಿಬಿಡುತ್ತಾರೆ. ಅದು ಹುಟ್ಟಿದ ಮಗುವಿನ ಕುರಿತ ವಚನ. ಗರ್ಭಸ್ಥ ಶಿಶುವಿನ ಬಗ್ಗೆ ಫಿಕ್‌ಹ್ ವಿದ್ವಾಂಸರು ಬೇರೆಯಾಗಿ, ದೀರ್ಘವಾಗಿ ಚರ್ಚಿಸಿದ್ದಾರೆ. 120 ದಿನಗಳ ನಂತರ ತಾಯಿಯ ಜೀವಕ್ಕೆ ಅಪಾಯವಿದ್ದರೆ ಮಾತ್ರ ಎಂಬುದರಲ್ಲಿ ಸಾಮಾನ್ಯವಾಗಿ ಒಮ್ಮತವಿದೆ. ಅದಕ್ಕೂ ಮುಂಚೆ ಸೂಕ್ತ ಕಾರಣವಿದ್ದರೆ ಅನೇಕ ಹನಫಿ ವಿದ್ವಾಂಸರು ಅನುಮತಿ ನೀಡಿದ್ದಾರೆ, ಮಾಲಿಕಿಗಳಲ್ಲಿ ಹೆಚ್ಚಿನವರು ಆರಂಭದಿಂದಲೇ ನಿಷೇಧಿಸಿದ್ದಾರೆ. ಇಷ್ಟೊಂದು ಸೂಕ್ಷ್ಮವಾಗಿ ತೂಗಿದ ಪರಂಪರೆಯ ವಾರಸುದಾರರು ಒಂದು ಪೋಸ್ಟರಿನಲ್ಲಿ ವಿಷಯ ಮುಗಿಸುವುದು ಆ ವಿದ್ವತ್ತಿಗೂ ನ್ಯಾಯವಲ್ಲ, ಕಷ್ಟದಲ್ಲಿರುವ ಹೆಣ್ಣಿಗೂ ನ್ಯಾಯವಲ್ಲ.

ಯಾವ ಪಕ್ಷದ ಪ್ರಚಾರವೇ ಇರಲಿ, ಅದರ ಮುಂದೆ ನಿಂತಾಗ ಮೂರು ಪ್ರಶ್ನೆ ಕೇಳೋಣ. ತೋರಿಸುವ ಚಿತ್ರಕ್ಕೂ ಹೇಳುವ ಮಾತಿಗೂ ನಿಜವಾದ ಸಂಬಂಧ ಇದೆಯೇ? ಯಾವ ಪದವನ್ನು, ಯಾವ ಅರ್ಧ ಸತ್ಯವನ್ನು ಬಿಟ್ಟಿದ್ದಾರೆ? ಇದೇ ಕಾರಣವನ್ನು ನಮಗೆ ಇಷ್ಟವಿಲ್ಲದ ಕಡೆಗೂ ಒಯ್ದರೆ ಒಪ್ಪುತ್ತೇವೆಯೇ? ತಪ್ಪು ಕಾರಣ ಕೊಟ್ಟು ಸರಿಯಾದ ತೀರ್ಮಾನಕ್ಕೆ ಜನರನ್ನು ತಂದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ಆದರೆ ಜನರ ಮನಸ್ಸಿನಲ್ಲಿ ಉಳಿಯುವುದು ತೀರ್ಮಾನವಲ್ಲ, ಕಾರಣ. ಮಗಳು ಸೊಸೆಯಾಗುವುದಕ್ಕಾಗಿ ಬೇಕು ಎಂದು ಕಲಿತವನು ಅವಳನ್ನು ಬದುಕಲು ಬಿಟ್ಟರೂ ಮಗಳಾಗಿ ನೋಡಲಾರ.

ಕುರುಡುಮಲೆಯ ಮೂಲ ಹೆಸರು ಕೂಡುಮಲೆ ಎಂದು ಹೇಳುತ್ತಾರೆ. ಎಲ್ಲರೂ ಕೂಡುವ ಮಲೆ. ಆ ಊರಿನ ದಾರಿಯಲ್ಲಿ ಓದು ಬಾರದ ಅಜ್ಜಿ ಕೇಳಿದ ಪ್ರಶ್ನೆಯನ್ನು ಓದು ಬಲ್ಲ ನಾವು ಕೇಳಿಕೊಂಡಿರಲಿಲ್ಲ. ಆಕೆಗೆ ನಾವು ಇನ್ನೂ ಉತ್ತರ ಕೊಡಬೇಕಾಗಿದೆ.